ಖಾಲಿ ಹೋಲ್ಡರಿನ ಅಜ್ಜಿ

ಸಂಸೆಯ ತುಂಗಾ ನಮ್ಮ ಕಾಲೇಜಿನಲ್ಲಿ ಒಂಬತ್ತು ವರ್ಷದಿಂದ ಫಿಸಿಕ್ಸ್ ಕಲಿಸುವ ಅತಿಥಿ ಉಪನ್ಯಾಸಕಿ. ಆ ಅತಿಥಿ ಎಂಬ ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ. ಒಂಬತ್ತು ವರ್ಷ ದುಡಿದವಳನ್ನು ಯಾವ ಮನೆಯಲ್ಲಿ ಅತಿಥಿ ಎನ್ನುತ್ತಾರೆ? ನಾನು ಪಕ್ಕದ ಮೇಜಿನ ಕೆಮಿಸ್ಟ್ರಿಯವಳು.

ತಂತಿಯಲ್ಲಿ ಎಲೆಕ್ಟ್ರಾನುಗಳು ತೆವಳುವ ವೇಗ, ಅಂದರೆ ಡ್ರಿಫ್ಟ್ ವೆಲಾಸಿಟಿಯ ಪಾಠವನ್ನು ಅವಳು ತನ್ನಜ್ಜಿ ಭಾಗೀರಥಮ್ಮನಿಂದ ಶುರುಮಾಡುತ್ತಿದ್ದಳು. ಬಲ್ಬಿಲ್ಲದ ಹೋಲ್ಡರಿನಿಂದ ಕರೆಂಟು ಸೋರಿಹೋಗುತ್ತದೆಂದು ಅಜ್ಜಿಗೆ ಭಯವಂತೆ. ಸುಟ್ಟ ಬಲ್ಬನ್ನೂ ತೆಗೆಯಲು ಬಿಡುತ್ತಿರಲಿಲ್ಲವಂತೆ. ಮಕ್ಕಳು ನಗುತ್ತಿರುವಾಗಲೇ ತುಂಗಾ ಲೆಕ್ಕಕ್ಕೆ ಇಳಿಯುತ್ತಿದ್ದಳು. ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿ, ಬ್ಯಾಟರಿಯಿಂದ ಒಂದು ಆಂಪಿಯರ್ ಕರೆಂಟು. ಎಲೆಕ್ಟ್ರಾನುಗಳ ಸಾಂದ್ರತೆ, ತಂತಿಯ ಅಡ್ಡಕೊಯ್ತದ ವಿಸ್ತೀರ್ಣ, ಒಂದು ಎಲೆಕ್ಟ್ರಾನಿನ ಚಾರ್ಜು, ಈ ಮೂರನ್ನೂ ಗುಣಿಸಿ ಕರೆಂಟನ್ನು ಅದರಿಂದ ಭಾಗಿಸಿದರೆ ಸಿಗುವ ವೇಗ ಗಂಟೆಗೆ ಒಂದು ಗೇಣು ಚಿಲ್ಲರೆ. "ಮತ್ತೆ ಸ್ವಿಚ್ ಹಾಕಿದ ಕೂಡ್ಲೆ ಲೈಟ್ ಹೆಂಗೆ ಬರ್ತದೆ?" ಎಂದು ಕೇಳಿ ತೋಟದ ಸ್ಪ್ರಿಂಕ್ಲರ್ ಪೈಪಿನ ತುಂಡು ತೋರಿಸುತ್ತಿದ್ದಳು. ಪೈಪು ಮೊದಲೇ ತುಂಬಿದ್ದರೆ ಈ ತುದಿಯಲ್ಲಿ ನೂಕಿದೊಡನೆ ಆ ತುದಿಯಲ್ಲಿ ನೀರು. ತಂತಿಯಲ್ಲೂ ಎಲೆಕ್ಟ್ರಾನುಗಳು ಮೊದಲೇ ತುಂಬಿಕೊಂಡಿರುತ್ತವೆ.

ಸೌಜನ್ಯ ಚಿಕ್ಕಮಗಳೂರು ಪೇಟೆಯ ಹುಡುಗಿ, ಫಿಸಿಕ್ಸಿಗೇ ಹೊಸದಾಗಿ ಸೇರಿದವಳು. ಪಾಠ ಮಾಡಲು ಹೆದರುತ್ತಿದ್ದ ಅವಳನ್ನು ತುಂಗಾ ತನ್ನ ಕ್ಲಾಸಿನಲ್ಲಿ ಕೂರಿಸಿಕೊಂಡು ತಿದ್ದಿದಳು. ಮಧ್ಯಾಹ್ನ ಇಬ್ಬರದೂ ಒಂದೇ ಬುತ್ತಿ.

ಹೋದ ವರ್ಷ ಒಂದೇ ಒಂದು ಖಾಯಂ ಹುದ್ದೆ ಬಂತು. ಇಬ್ಬರೂ ಅರ್ಜಿ ಹಾಕಿದರು. ಆಡಳಿತ ಮಂಡಳಿಯ ಮುಂದೆ ಪಾಠ ಮಾಡಿ ತೋರಿಸಬೇಕು, ಇಬ್ಬರಿಗೂ ಕೊಟ್ಟದ್ದು ಡ್ರಿಫ್ಟ್ ವೆಲಾಸಿಟಿಯೇ. ತುಂಗಾಳ ಮುಖ ಅರಳಿತು.

ಪಾಠ ತೋರಿಸುವ ದಿನ ಸೌಜನ್ಯ ಬಂದು, "ತುಂಗಕ್ಕ, ನಂಗೆ ಬಸ್ಸು ತಪ್ತದೆ, ನಾನೇ ಮೊದ್ಲು ಮಾಡ್ಲಾ?" ಎಂದಳು.

"ಮಾಡು ಮಾರಾಯ್ತಿ, ಅದ್ರಲ್ಲೇನು."

ನಾನೂ ತುಂಗಾಳೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಸೌಜನ್ಯ ಬೋರ್ಡಿನ ಮುಂದೆ ನಿಂತು ಶುರುಮಾಡಿದಳು: "ನಮ್ಮಜ್ಜಿಗೆ ಖಾಲಿ ಹೋಲ್ಡರ್ ಕಂಡ್ರೆ ಭಯ..."

ಮಂಡಳಿಯ ಅಧ್ಯಕ್ಷರಾದ ಪ್ಲಾಂಟರ್ ಪರಮೇಶ್ವರಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮಜ್ಜಿ ಹೆಸ್ರೇನಮ್ಮ?"

"ಭಾಗೀರಥಮ್ಮ, ಸರ್."

ನಾಲಗೆ ತಡವರಿಸಲಿಲ್ಲ ಆ ಹುಡುಗಿಗೆ! ಪಾಠ ಕದ್ದಿದ್ದರೆ ಹಾಳಾಗಿಹೋಗಲಿ ಎನ್ನಬಹುದಿತ್ತು. ಹೆಸರಿನ ಸಮೇತ ಅಜ್ಜಿಯನ್ನೇ ಹೊತ್ತುಕೊಂಡು ಹೋದಳು.

ತುಂಗಾಳ ಸರದಿ ಬಂದಾಗ ಪೈಪಿನ ತುಂಡು ಚೀಲದಿಂದ ಹೊರಗೆ ಬರಲೇ ಇಲ್ಲ. ಬರೀ ಲೆಕ್ಕ ಮಾಡಿ ಕೂತಳು. "ಲೆಕ್ಕ ಸರಿಯಿದೆ, ಆದ್ರೆ ಸ್ವಲ್ಪ ಒಣ ಆಯ್ತಮ್ಮ," ಎಂದರು ಪರಮೇಶ್ವರಪ್ಪನವರು. ಹುದ್ದೆ ಸೌಜನ್ಯಳಿಗೆ ಹೋಯಿತು.

"ಅಲ್ಲೇ ಬಾಯಿ ಬಿಡ್ಬೇಕಿತ್ತಲ್ಲೇ!" ಎಂದು ನಾನು ರೇಗಿದೆ.

"ಏನಂತ ಬಿಡ್ಲಿ? ಅಜ್ಜಿ ನಂದು ಅಂತ ಅವ್ರೆದ್ರು ಜಗಳ ಆಡ್ಲಾ?" ಎಂದಳು. ಆಮೇಲೆ ಅತ್ತಳು. ಅವಳಿಗೆ ಹೊಟ್ಟೆ ಉರಿದದ್ದು ಹುದ್ದೆಗಲ್ಲ, "ತುಂಗಕ್ಕ" ಎಂದು ಕರೆದು, ಬಸ್ಸಿನ ನೆಪ ಹೇಳಿ ಮೊದಲ ಸರದಿ ಕೇಳಿದ ಆ ಮಾತಿಗೆ.

ಈ ವರ್ಷವೂ ತುಂಗಾ ಅತಿಥಿಯೇ. ಮೊನ್ನೆ ಅದೇ ಪಾಠ ಬಂತು. ಅಷ್ಟರಲ್ಲಿ ಪಕ್ಕದ ಸೆಕ್ಷನ್ನಿಗೆ ಸೌಜನ್ಯ ಅದನ್ನು ಮಾಡಿ ಮುಗಿಸಿದ್ದಳು. ಮನಸ್ಸು ಗಟ್ಟಿಮಾಡಿಕೊಂಡು "ನಮ್ಮಜ್ಜಿ ಭಾಗೀರಥಮ್ಮ ಅಂತ..." ಎಂದು ಬಾಯಿ ತೆರೆದಳಂತೆ. ಮುಂದಿನ ಬೆಂಚಿನ ರಕ್ಷಾ ಎದ್ದು ನಿಂತು, "ಮಿಸ್, ಅದು ಸೌಜನ್ಯ ಮಿಸ್ ಅವ್ರ ಅಜ್ಜಿ ಅಲ್ವಾ?" ಎಂದು ಕೇಳಿದಳು.

ತುಂಗಾ ಬೋರ್ಡಿನ ಕಡೆ ತಿರುಗಿಕೊಂಡಳು.

"ಹೌದು, ಅವ್ರದ್ದೇ. ಲೆಕ್ಕ ಬರ್ಕೊಳ್ಳಿ."