ಐದಕ್ಕೆ ಏಳರ ವೃತ್ತ

ವೃತ್ತ ಬಿಡಿಸಲು ಬರುವುದಿಲ್ಲವೆಂದು ನನ್ನನ್ನು ನಕ್ಷೆಯ ಮೇಜಿನಿಂದ ಎಬ್ಬಿಸಿದರು. ಸೊಲ್ಲಾಪುರದ ಒಂದು ಚಾದರ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ವೃತ್ತಗಳನ್ನೇ ಬಿಡಿಸಿದ್ದವನು ನಾನು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಮೂರು ತಿಂಗಳ ಕಂಪ್ಯೂಟರ್ ತರಗತಿಯೊಂದು ಬರೆದುಕೊಟ್ಟ ಒಂದು ಸಾಲಿನ ಷರಾ ಅದನ್ನೆಲ್ಲ ಅಳಿಸಲು ಸಾಕಾಯಿತು. ಇಲ್ಲಿ ಯಾರ ಹೆಸರನ್ನೂ ನಾನು ಬರೆಯುವುದಿಲ್ಲ. ಓದಬೇಕಾದವರು ಓದಿದರೆ ತಮ್ಮನ್ನು ತಾವೇ ಗುರುತಿಸಿಕೊಳ್ಳುತ್ತಾರೆ.

ನನ್ನ ಕೆಲಸವನ್ನು ಮೊದಲು ಹೇಳಬೇಕು. ಚಾದರದ ಮೇಲಿನ ಹೂವು, ಬಳ್ಳಿ, ನವಿಲು, ಎಲ್ಲವೂ ಮೊದಲು ಚೌಕ ಮನೆಗಳ ಕಾಗದದ ಮೇಲೆ ಮೂಡಬೇಕು. ಒಂದು ಮನೆಯೆಂದರೆ ಒಂದು ಎಳೆ. ತುಂಬಿದ ಮನೆಗಳನ್ನು ನೋಡಿ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಾರೆ. ಆ ಪಟ್ಟಿಗಳು ಹೇಳಿದಂತೆ ಮಗ್ಗ ನೇಯುತ್ತದೆ. ಆದರೆ ಕಾಗದದ ಮನೆ ಚೌಕ, ಬಟ್ಟೆಯ ಮನೆ ಚೌಕವಲ್ಲ. ನಮ್ಮ ಮಗ್ಗದಲ್ಲಿ ಉದ್ದಕ್ಕೆ ಹಾಯುವ ಹಾಸಿನ ಎಳೆ ಐದು ಹಿಡಿಯುವ ಜಾಗದಲ್ಲಿ ಅಡ್ಡಕ್ಕೆ ಹಾಯುವ ಹೊಕ್ಕಿನ ಎಳೆ ಏಳು ಕೂರುತ್ತಿದ್ದವು. ಆದ್ದರಿಂದ ಬಟ್ಟೆಯಲ್ಲಿ ಹೂವು ದುಂಡಗೆ ಅರಳಬೇಕಾದರೆ ಕಾಗದದಲ್ಲಿ ಅದನ್ನು ಎತ್ತರಕ್ಕೆ ಎಳೆದು, ಐದು ಮನೆ ಅಗಲಕ್ಕೆ ಏಳು ಮನೆ ಉದ್ದದ ಲೆಕ್ಕದಲ್ಲಿ ಬಿಡಿಸಬೇಕು. ಇದನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ. ನನಗಿಂತ ಮೊದಲು ಆ ಮೇಜಿನಲ್ಲಿ ಕೂತಿದ್ದವರು ಕಲಿಸಿದರು. ಕೆಲವು ವರ್ಷಗಳ ನಂತರ ಕೈ ತಾನಾಗಿಯೇ ಹಾಗೆ ಎಳೆಯುತ್ತದೆ.

ಒಂದು ದಿನ ಮಾಲಕರು ನನ್ನನ್ನೂ ತಮ್ಮ ಅಕ್ಕನ ಮಗನನ್ನೂ ಕರೆದರು. ಅವನು ಪದವಿ ಮುಗಿಸಿ ಕಾರ್ಖಾನೆಗೆ ಬಂದು ಆಗ ಒಂದು ತಿಂಗಳು.

“ಮಾಸ್ತರ್ರ, ಇನ್ನ ನಕ್ಷಾ ಕಂಪ್ಯೂಟರಿನ್ಯಾಗ ತಗೀಬೇಕ್ರಿ. ಇಬ್ಬರೂ ಕ್ಲಾಸಿಗಿ ಹೋಗ್ರಿ. ಚಲೋ ಕಲ್ತವ್ರ ಮೇಜಿನ ಮ್ಯಾಲ ಕೂಡ್ರತಾರ,” ಎಂದರು.

ಮೇಜು ಒಂದೇ ಇತ್ತು. ಮಾತಿನ ಅರ್ಥ ನನಗೆ ಅಲ್ಲೇ ಆಯಿತು.

ತರಗತಿ ಬೆಳಗ್ಗೆ ಎಂಟಕ್ಕೆ. ಅಕ್ಕಲಕೋಟೆಯಿಂದ ಮೊದಲ ಎಸ್‌ಟಿ ಹಿಡಿಯುತ್ತಿದ್ದೆ. ವಳಸಂಗದಲ್ಲಿ ಬಸ್ಸು ತುಂಬಿದ ಮೇಲೆ ತೊಡೆಯ ಮೇಲಿನ ನೋಟುಬುಕ್ಕು ತೆರೆಯಲು ಜಾಗ ಸಾಲುತ್ತಿರಲಿಲ್ಲವೆಂದು ಅದಕ್ಕೂ ಮೊದಲೇ ಹಿಂದಿನ ದಿನದ ಪಾಠವನ್ನು ಓದಿ ಮುಗಿಸುತ್ತಿದ್ದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಕಲಿಸುವವನು ಇಪ್ಪತ್ತೈದರ ತರುಣ. ಮೊದಲ ದಿನವೇ ನನ್ನನ್ನು “ಆಜೋಬಾ” ಎಂದು ಕರೆದ. ನನಗಾಗ ಐವತ್ತೊಂದು, ಮೊಮ್ಮಕ್ಕಳಿರಲಿಲ್ಲ. ಕೋಣೆಯೆಲ್ಲ ನಕ್ಕಿತು. ಮಾಲಕರ ಅಕ್ಕನ ಮಗ ಎಲ್ಲರಿಗಿಂತ ಕೊನೆಗೆ ನಗು ನಿಲ್ಲಿಸಿದ.

ಪಾಠ ಕಷ್ಟದ್ದಾಗಿರಲಿಲ್ಲ ಎಂಬುದನ್ನು ದಾಖಲಿಸಲೇಬೇಕು. ಆಯತದ ಗುರುತು ಒತ್ತಿ, ಮೌಸನ್ನು ಮೂಲೆಯಿಂದ ಮೂಲೆಗೆ ಎಳೆದರೆ ಆಯತ. ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಎಳೆದರೆ ಅದೇ ಚೌಕ. ಅಂಡಾಕಾರವನ್ನು ಕಂಟ್ರೋಲ್ ಒತ್ತಿ ಎಳೆದರೆ ವೃತ್ತ. ಮೌಸ್ ಬಿಟ್ಟ ನಂತರವೇ ಕೀಲಿ ಬಿಡಬೇಕು. ಮೊದಲು ಕೀಲಿ ಬಿಟ್ಟರೆ ಆಕಾರ ಸೊಟ್ಟಗಾಗುತ್ತದೆ. ಬಿಡಿಸಿದ ಆಕಾರದ ಸುತ್ತ ಎಂಟು ಕಪ್ಪು ಚುಕ್ಕಿಗಳು ಮೂಡುತ್ತವೆ. ಮೇಲಿನ ನಡುಚುಕ್ಕಿಯನ್ನು ಹಿಡಿದು ಎಳೆದರೆ ಎತ್ತರ ಮಾತ್ರ ಬೆಳೆಯುತ್ತದೆ. ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಹದಿನೈದು ದಿನಗಳಲ್ಲಿ ಇದೆಲ್ಲ ನನ್ನ ಕೈಗೆ ಬಂದಿತ್ತು. ಅಕ್ಕನ ಮಗನಿಗೆ ಕೀಲಿ ಯಾವಾಗ ಬಿಡಬೇಕೆಂದು ತೋರಿಸಿಕೊಟ್ಟವನೂ ನಾನೇ.

ಪರೀಕ್ಷೆಯ ದಿನ ಪ್ರಶ್ನೆ ಒಂದೇ: ವೃತ್ತ, ಅದರ ಸುತ್ತ ಎಂಟು ಎಸಳು, ಚಾದರಕ್ಕೆ ಹೊಂದುವಂಥ ಹೂವು. ‘ಚಾದರಕ್ಕೆ’ ಎಂಬ ಆ ಮಾತನ್ನು ನಾನು ನಂಬಿದೆ. ಮೊದಲು ಕಂಟ್ರೋಲ್ ಒತ್ತಿ ಶುದ್ಧ ವೃತ್ತ ಬಿಡಿಸಿದೆ. ಎಸಳುಗಳನ್ನು ಕೂಡಿಸಿದೆ. ಬಳಿಕ ಇಡೀ ಹೂವನ್ನು ಹಿಡಿದು, ಕೆಳಗಿನ ಪಟ್ಟಿಯಲ್ಲಿ ಎತ್ತರ ಶೇಕಡಾ ನೂರಾ ನಲವತ್ತು ಎಂದು ಮೂಡುವವರೆಗೆ ಮೇಲಕ್ಕೆ ಎಳೆದೆ. ಐದಕ್ಕೆ ಏಳು. ನಕ್ಷೆ ತೆಗೆಯುವ ಯಾರೇ ಆದರೂ ಹಾಗೆಯೇ ಮಾಡುತ್ತಿದ್ದರು.

ಕಲಿಸುವವನು ಬಂದು ಬಗ್ಗಿ ನೋಡಿದ.

“ಅರೇ ಆಜೋಬಾ, ಗೋಲ ಅಂದ್ರ ಬದನಿಕಾಯಿ ತಗದೀರಲ್ರಿ!”

“ಬಟ್ಟಿ ಮ್ಯಾಲ ಇದು ಗುಂಡಗ ಬರ್ತದ,” ಎಂದೆ. “ಎಳಿ ಹೊಕ್ಕ ಮ್ಯಾಲ ಕುಗ್ತದ.”

“ಇಲ್ಲಿ ಬಟ್ಟಿ ಎಲ್ಲದ್ರಿ? ಕಂಟ್ರೋಲ್ ಹಿಡೀರಿ ಅಂತ ಎಷ್ಟ ದಿವಸ ಹೇಳೀನಿ? ಹೋಗ್ಲಿ ಬಿಡ್ರಿ, ವಯಸ್ಸಾಗ್ಯಾದ.”

ಪಕ್ಕದ ಪರದೆಯಲ್ಲಿ ಅಕ್ಕನ ಮಗನ ವೃತ್ತ ನಾಣ್ಯದಷ್ಟು ದುಂಡಗಿತ್ತು. ಅವನ ಹೆಸರಿನ ಮುಂದೆ ‘ಉತ್ತಮ’ ಎಂದು ಬಿತ್ತು. ನನ್ನ ಹೆಸರಿನ ಮುಂದೆ ಮರಾಠಿಯಲ್ಲಿ, ಮೂಲ ಆಕಾರಗಳನ್ನು ಬಿಡಿಸಲು ಬರುವುದಿಲ್ಲ ಎಂದು ಬರೆದರು.

ಮಾಲಕರು ಆ ಕಾಗದವನ್ನು ನನ್ನ ಎದುರಿಗೇ ಓದಿದರು. ನಾನು ಪೂರ್ತಿ ವಿವರಿಸಿದೆ. ಅವರು ಕಾಗದವನ್ನು ಮಡಚಿ ಖಾನೆಯಲ್ಲಿಟ್ಟು, “ಘಡಿ ಖಾತ್ಯಾಗ ಮಂದಿ ಕಡಿಮಿ ಅದಾರ್ರಿ ಮಾಸ್ತರ್ರ. ಅಲ್ಲಿ ಕೆಲಸ ಹಗುರ ಅದ,” ಎಂದರು. ನೇಯ್ದು ಬಂದ ಚಾದರಗಳನ್ನು ಮಡಿಸುವ ವಿಭಾಗ ಅದು.

ಮುಂದಿನ ತಿಂಗಳು ಅಕ್ಕನ ಮಗ ತೆಗೆದ ಹೊಸ ನಕ್ಷೆಯ ಮುದ್ರಣ ಮೇಜಿನ ಮೇಲೆ ಬಿದ್ದಿದ್ದನ್ನು ಕಂಡೆ. ಚೌಕ ಮನೆಗಳ ಜಾಲದ ಮೇಲೆ ನಿಷ್ಕಳಂಕ ವೃತ್ತಗಳು. ಪಟ್ಟಿಗೆ ಇನ್ನೂ ತೂತು ಹೊಡೆದಿರಲಿಲ್ಲ. ಮಾನ ಬಿಟ್ಟು ಅವನ ಹತ್ತಿರ ಹೋದೆ.

“ಎಲ್ಲಾ ಕೂಡಿ ಹಿಡದು ಮ್ಯಾಲಿನ ಚುಕ್ಕಿ ಒಂದ ಸಲ ಎಳಿಯಪ್ಪಾ. ನೂರಾ ನಲವತ್ತಕ್ಕ ನಿಲ್ಲಿಸು. ಒಂದ ನಿಮಿಷದ ಕೆಲಸ.”

“ಕಾಕಾ, ನೀವು ಘಡಿ ನೋಡ್ರಿ,” ಎಂದ. ಪರದೆಯಿಂದ ಕಣ್ಣನ್ನೂ ಎತ್ತಲಿಲ್ಲ.

ಮೊದಲ ಚಾದರ ಮಗ್ಗದಿಂದ ಇಳಿದು ನನ್ನ ಕೈಗೇ ಬಂತು. ಹೂವುಗಳೆಲ್ಲ ಮೇಲಿನಿಂದ ಯಾರೋ ಅದುಮಿದಂತೆ ಅಗಲಕ್ಕೆ ಹರಡಿ ಚಪ್ಪಟೆಯಾಗಿದ್ದವು. ಇನ್ನೇನು ವ್ಯಾಪಾರಿಗಳು ತಿರುಗಿಸಿ ಕಳಿಸುತ್ತಾರೆ, ಇನ್ನೇನು ನನ್ನನ್ನು ಕರೆಯುತ್ತಾರೆ ಎಂದು ಕಾದೆ. ಒಂದೂ ತಿರುಗಿ ಬರಲಿಲ್ಲ. ಹೊಸ ಫ್ಯಾಶನ್ ಎಂದು ಹೆಚ್ಚಿಗೆ ಬೇಡಿದರು. ದುಂಡಗಿನ ಹೂವು ಯಾರಿಗೂ ಬೇಕಾಗಿರಲಿಲ್ಲ. ನಿವೃತ್ತಿಯವರೆಗೆ ಆ ಚಪ್ಪಟೆ ಹೂವುಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದೆ. ಒಂದನ್ನೂ ಓರೆಯಾಗಿ ಮಡಿಸಲಿಲ್ಲ. ಅಷ್ಟು ಹೊತ್ತಿಗೆ ಐದಕ್ಕೆ ಏಳರ ಲೆಕ್ಕ ಕೇಳುವವರು ಆ ಕಾರ್ಖಾನೆಯಲ್ಲಿ ಉಳಿದಿರಲಿಲ್ಲ. ಹೇಳಲು ಹೋಗುವ ಆಸೆ ನನ್ನಲ್ಲಿಯೂ ಉಳಿದಿರಲಿಲ್ಲ.

ಕಲಿಸುವವನನ್ನು ನಾನು ಕೇಳುವುದಿಲ್ಲ; ಅವನು ಮಗ್ಗ ಕಂಡವನಲ್ಲ. ಅಕ್ಕನ ಮಗನನ್ನೂ ಕೇಳುವುದಿಲ್ಲ. ಅವನಿಗೆ ಮೇಜು ಬೇಕಿತ್ತು, ಸಿಕ್ಕಿತು. ಮಾಲಕರೇ, ನೀವು ನಿಮ್ಮ ತಂದೆಯ ಮಗ್ಗದ ಕುಣಿಯಲ್ಲಿ ಕೂತು ನೇಯ್ದು ಬೆಳೆದವರು. ಹಾಸು ಎಷ್ಟು, ಹೊಕ್ಕು ಎಷ್ಟು ಎಂದು ಬೆರಳಿನಿಂದ ತಡವಿ ಹೇಳಬಲ್ಲವರು. ಆ ಕಾಗದವನ್ನು ಮಡಚಿ ಖಾನೆಯಲ್ಲಿಡುವಾಗ ನನ್ನ ವೃತ್ತ ಸರಿಯಿತ್ತೆಂದು ನಿಮಗೆ ಗೊತ್ತಿತ್ತೋ, ಇಲ್ಲವೋ?