ತಿಪ್ಪೆಯ ಮೇಲಿಂದ ಒಂದು ಆಕ್ಷೇಪ

ಕೊರೊನಾಕ್ಕೆ ಮುಂಚೆ ನಾನು ಜಿನೀವಾದ ಆರೋಗ್ಯ ಸಭೆಗಳಲ್ಲಿ ನಮ್ಮ ನಿಯೋಗದ ಹಿಂದಿನ ಸಾಲಿನಲ್ಲಿ ಕೂತು ಟಿಪ್ಪಣಿ ಬರೆಯುತ್ತಿದ್ದವಳು. ಲಾಕ್‌ಡೌನಿನಲ್ಲಿ ಸಭೆಗಳು ಕಂಪ್ಯೂಟರಿಗೆ ಬಂದವು, ನಾನು ಅಕ್ಕಿಹೆಬ್ಬಾಳಿನ ಅತ್ತೆ ಮನೆಗೆ ಬಂದೆ. ಜಿನೀವಾದವರು ಮಧ್ಯಾಹ್ನದ ಊಟ ಮುಗಿಸಿ ಸಭೆಗೆ ಕೂರುವಾಗ ಇಲ್ಲಿ ಹಾಲು ಕರೆಯುವ ಹೊತ್ತು. ಅತ್ತೆ ಹಸುವಿಗೆ ಗದರಿದ್ದು ಎಷ್ಟು ದೇಶಗಳಿಗೆ ಕೇಳಿಸಿತೋ ಏನೋ.

ಆ ಸಭೆಗಳಲ್ಲೊಂದು ಪದ್ಧತಿಯಿದೆ. ಪ್ರತಿ ವಾಕ್ಯಕ್ಕೂ ಅಧ್ಯಕ್ಷರು "ಆಕ್ಷೇಪವಿದೆಯೇ?" ಎಂದು ಕೇಳುತ್ತಾರೆ. ಯಾರೂ ಮಾತಾಡದಿದ್ದರೆ ಎಲ್ಲರೂ ಒಪ್ಪಿದ ಹಾಗೆ. ಮೌನಂ ಸಮ್ಮತಿಲಕ್ಷಣಂ ಎನ್ನುವ ನಮ್ಮ ಹಳೇ ಮಾತೇ ಅಲ್ಲಿಯ ಕಾನೂನು. ಸಭಾಂಗಣದಲ್ಲಾದರೆ ಆಕ್ಷೇಪಕ್ಕೆ ದೇಶದ ಹೆಸರಿನ ಫಲಕ ಎತ್ತಿ ನಿಲ್ಲಿಸಿದರೆ ಸಾಕಿತ್ತು. ಈಗ ಕರೆಂಟು ಹೋದವರೂ ಒಪ್ಪಿದವರೇ. ಈ ಪದ್ಧತಿ ಮಾಡಿದವರ ಊರಲ್ಲಿ ಕರೆಂಟು ಹೋಗುವುದೇ ಇಲ್ಲವಲ್ಲ ಎಂದು ನನಗೆ ಮೈ ಉರಿಯುತ್ತಿತ್ತು.

ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆ ಮಾಸ್ಕು, ಕೈಗವಸು ಮೊದಲು ಸಿಗಬೇಕು ಎನ್ನುವ ವಾಕ್ಯವನ್ನು ಕೈಬಿಡುವ ಪ್ರಸ್ತಾಪ ಒಂದು ಸಂಜೆ ಬರುವುದಿತ್ತು. ನಮ್ಮ ಮುಖ್ಯಸ್ಥರು ಜ್ವರ ಬಂದು ಮಲಗಿದ್ದರು. "ಇದನ್ನು ನೀವೇ ತಡೆಯಬೇಕು" ಎಂದಿದ್ದರು. ಆ ವಾಕ್ಯ ಪರದೆಗೆ ಬಂತು, ಕರೆಂಟು ಹೋಯಿತು.

ಮೊಬೈಲಿಗೆ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಹಿಂದಿನ ತಿಪ್ಪೆಯ ಮೇಲೆ ಮಾತ್ರ. ಓಡಿ ಹೋಗಿ ಹತ್ತಿ, ಮೊಬೈಲಿನಲ್ಲೇ ಮತ್ತೆ ಸಭೆಗೆ ಸೇರಿಕೊಂಡೆ. ಹಾಲು ಕರೆಯುತ್ತಿದ್ದ ಅತ್ತೆ ಬಕೆಟ್ಟು ಬಿಟ್ಟು ಬಂದು ನನ್ನ ಸೊಂಟ ಹಿಡಿದುಕೊಂಡರು.

"ನೀ ಮಾತಾಡವ್ವ, ನಾ ಇಡ್ಕಂಡಿವ್ನಿ."

ಅಧ್ಯಕ್ಷರು ಕೇಳುವಾಗ ನಾನು ಮೊಣಕಾಲುದ್ದ ಗೊಬ್ಬರದಲ್ಲಿದ್ದೆ. "ನಮ್ಮ ಆಕ್ಷೇಪವಿದೆ" ಎಂದೆ. ವಾಕ್ಯ ಉಳಿಯಿತು.

ಆಮೇಲೆ ಕಾಲಿಗೆ ನೀರು ಹುಯ್ಯುತ್ತ ಅತ್ತೆ, "ಅಂಗ್ಯಾಕ್ ಓಡ್ದೆ?" ಎಂದರು. ಸುಮ್ಮನಿದ್ದರೆ ಒಪ್ಪಿದ ಹಾಗೆ ಎನ್ನುವ ಪದ್ಧತಿ ವಿವರಿಸಿದೆ. ಅವರು ಇನ್ನೊಂದು ಚೊಂಬು ನೀರು ಹುಯ್ದರು.

"ನಾನು ಏಳ್ನೇ ಕ್ಲಾಸು ಪಾಸಾದಾಗ ನಮ್ಮಪ್ಪ, ಇನ್ ಇಸ್ಕೂಲು ಸಾಕು, ದನ ನೋಡ್ಕೊ ಅಂದ್ರು. ಭಯ ಕಣವ್ವ, ಸುಮ್ಕೆ ನಿಂತಿದ್ದೆ. ಮಗಾ ಒಪ್ಕಂಡ್ಳು ಅಂದ್ಬುಟ್ರು."

ಇಷ್ಟು ವರ್ಷದಲ್ಲಿ ಈ ಮಾತನ್ನು ಅವರು ಒಮ್ಮೆಯೂ ಆಡಿರಲಿಲ್ಲ. ನನಗೆ ಅಳು ಬಂತು, ತಬ್ಬಿಕೊಂಡೆ. ಸಗಣಿ ನಾತ ಎಂದು ಬೈದು ಬಿಡಿಸಿಕೊಂಡರು.

ಮರುದಿನ ಸಭೆಗೆ ಇನ್ನೂ ಒಂದು ಗಂಟೆಯಿರುವಾಗ ಹಿತ್ತಲಿಗೆ ಹೋದರೆ, ಅತ್ತೆ ತಿಪ್ಪೆಯ ಮೇಲೆ ಹಲಗೆ ಹಾಸಿ, ಪ್ಲಾಸ್ಟಿಕ್ ಕುರ್ಚಿಯಿಟ್ಟು, ಅದು ಅಲುಗಾಡುತ್ತದೆಯೇ ಎಂದು ತಾವೇ ಕೂತು ನೋಡುತ್ತಿದ್ದರು.

ಆ ದಿನ ಕರೆಂಟು ಹೋಗಲಿಲ್ಲ. ಆದರೂ ನಾನು ಅಲ್ಲೇ ಕೂತೆ.