ಚಿಕ್ಕಮ್ಮನ ಸಿಟ್ಟು, ಚಿಕ್ಕಪ್ಪನ ದವಡೆ ಹಲ್ಲು

ಬೆಳಿಗ್ಗೆ ನಮ್ಮವರು ಹಲ್ಲುನೋವೆಂದು ಲವಂಗದೆಣ್ಣೆಯ ಬಾಟಲಿ ತೆರೆದರು. ಆ ವಾಸನೆಗೆ ಕಿರಿಮಂಜೇಶ್ವರದ ಚಿಕ್ಕಪ್ಪ ನೆನಪಾಗಿ ನಗು ಬಂತು. ನೋವು ತಿನ್ನುವ ಗಂಡನೆದುರು ನಗುವುದು ಸರಿಯಲ್ಲವೆಂದು ಅಡುಗೆಮನೆಗೆ ಹೋಗಿ ನಕ್ಕೆ.

ನಾನು ಕಾಲೇಜು ಓದುತ್ತ ಅವರ ಮನೆಯಲ್ಲಿದ್ದ ಕಾಲವದು. ಟೈಲರ್ ಚಿಕ್ಕಪ್ಪ ಎಂಥ ಸಾಧುವೆಂದರೆ, ಅಂಗಳಕ್ಕೆ ನುಗ್ಗಿದ ದನವನ್ನೂ ಬಹುವಚನದಲ್ಲಿ ಮಾತಾಡಿಸಿ ಕಳಿಸುತ್ತಿದ್ದರು. ಮನೆಯ ಸಿಟ್ಟೆಲ್ಲ ಚಿಕ್ಕಮ್ಮನ ಪಾಲಿಗೆ ಬಂದಿತ್ತು. ಆ ವರ್ಷ ಮನೆಯೆದುರಿನ ಕರೆಂಟು ತಂತಿ, ಶಾಲೆಗೆ ಹೋಗುವ ಮಕ್ಕಳ ಕೊಡೆಗೆ ತಾಗುವಷ್ಟು ಕೆಳಗೆ ಜೋತುಬಿತ್ತು. ಚಿಕ್ಕಮ್ಮ ಕರೆಂಟ್ ಆಫೀಸಿಗೆ ಹೋಗಿ ಮತ್ತೆ ಮತ್ತೆ ಕೂಗಾಡಿದರು. ಸಾಹೇಬರು ಪ್ರತಿಸಲವೂ ಫ್ಯಾನ್ ಜೋರು ಮಾಡಿಸಿ, ನೀರು ಕೊಟ್ಟು, ಬಿ.ಪಿ. ಮಾತ್ರೆ ತಪ್ಪಿಸಬೇಡಿ ಎಂದು ಕಾಳಜಿಯಿಂದ ಕಳಿಸಿಕೊಟ್ಟರು. ತಂತಿ ಇನ್ನಷ್ಟು ಜೋತಿತು.

ಹೀಗಿರುವಾಗ ಚಿಕ್ಕಪ್ಪನ ದವಡೆ ಹಲ್ಲಿನಲ್ಲಿ ಕೀವು ತುಂಬಿತು. ಕೆನ್ನೆ ಊದಿ, ಕಣ್ಣು ಕೆಂಪಾಗಿ, ಬಾಯಿ ತೆರೆಯಲಾಗದು. ಕುಂದಾಪುರಕ್ಕೆ ಡಾಕ್ಟರರಲ್ಲಿಗೆ ಹೊರಟವರನ್ನು ಚಿಕ್ಕಮ್ಮ ದಾರಿಯಲ್ಲೇ ಬಸ್ಸಿಳಿಸಿ ಕರೆಂಟ್ ಆಫೀಸಿಗೆ ಕರೆದೊಯ್ದರು. ಹೇಳಿದ್ದು ಹಳೆಯ ಮಾತನ್ನೇ. ಸಾಹೇಬರು ನೀರಿನ ಲೋಟಕ್ಕೆ ಕೈಹಾಕುವಾಗ ಚಿಕ್ಕಮ್ಮನ ಹಿಂದೆ ಹಲ್ಲು ಕಚ್ಚಿ ನಡುಗುತ್ತಿದ್ದ ಚಿಕ್ಕಪ್ಪನನ್ನು ಕಂಡರು. ಉಗುಳಲು ಜಾಗವೆಲ್ಲಿ ಎಂದು ಕೇಳಲಿಕ್ಕೆ ಚಿಕ್ಕಪ್ಪ ಮೇಜಿನ ಮೇಲೆ ಬಾಗಿ ಒಂದು ಹೂಂಕಾರ ಹೊರಡಿಸಿದರು. ಸಾಹೇಬರು ಎದ್ದು ನಿಂತರು.

"ಸಿಟ್ಟ್ ಮಾಡ್ಕಂಬೇಡಿ ಮಾರಾಯ್ರೆ, ಇವತ್ತೇ ಜನ ಕಳ್ಸ್ತೆ."

ಬಿ.ಪಿ.ಯ ಸುದ್ದಿಯೇ ಇಲ್ಲ.

ಬಸ್ ಸ್ಟಾಪಿನಲ್ಲಿ ಚಿಕ್ಕಮ್ಮ ಚಿಕ್ಕಪ್ಪನತ್ತ ತಿರುಗಿ, "ಹ್ವಾಯ್, ನಾ ಗಂಟ್ಲ್ ಹರ್ಕಂಡ್ರೆ ಅದ್ ಕಾಯ್ಲೆ, ನಿಮ್ಮ್ ಹಲ್ಲ್ ನೊಂದ್ರೆ ಅದ್ ಸಿಟ್ಟ್," ಎಂದರು. ಚಿಕ್ಕಪ್ಪ ಕ್ಷಮೆ ಕೇಳಲು ಹೋಗಿ ಮತ್ತೆ ಹೂಂಕರಿಸಿದರು. ಹೆಂಡತಿಗೆ ಗದರುತ್ತಿದ್ದಾರೆಂದುಕೊಂಡು ಪಕ್ಕದವರು ದೂರ ಸರಿದರು.

ಸಂಜೆಯೊಳಗೆ ತಂತಿ ಮೇಲೇರಿತು. ಬಾವು ಇಳಿದ ಮೇಲೇ ಹಲ್ಲು ಕೀಳುವುದೆಂದು ಡಾಕ್ಟರರು ಮಾತ್ರೆ ಕೊಟ್ಟಿದ್ದರು. ಮರುದಿನ ನೆರೆಮನೆಯವರು ಬಂದು, ಬಾವು ಇಳಿಯುವ ಮೊದಲು ಚಿಕ್ಕಪ್ಪನನ್ನು ಒಮ್ಮೆ ಪಂಚಾಯತಿಗೆ ಕಳಿಸಿಕೊಡಿ ಎಂದು ಕೇಳಿದರು. ಚಿಕ್ಕಮ್ಮ ಅವರೆದುರಿಗೇ ಗಂಡನ ಬಾಯಿಗೆ ಮಾತ್ರೆ ಹಾಕಿದರು.

ಬ್ರಹ್ಮಾವರದ ನಮ್ಮ ಬೀದಿಯಲ್ಲಿ ಈಗೊಂದು ಬಾಯ್ದೆರೆದ ಚರಂಡಿಯಿದೆ. ಇವತ್ತು ನಮ್ಮವರ ಊದಿದ ಕೆನ್ನೆಯನ್ನು ಒಂದು ಕ್ಷಣ ಆಸೆಯಿಂದಲೇ ನೋಡಿದೆ, ಸುಳ್ಳೇಕೆ ಹೇಳಲಿ. ಆಮೇಲೆ ಅವರನ್ನು ಡಾಕ್ಟರರಲ್ಲಿ ಕೂರಿಸಿ ಒಬ್ಬಳೇ ಪಂಚಾಯತಿಗೆ ಹೋಗಿ ಸಿಟ್ಟು ಮಾಡಿದೆ. ಕೂತುಕೊಳ್ಳಿ ಅಂದರು, ಕೂರಲಿಲ್ಲ. ಚರಂಡಿ ಇನ್ನೂ ಹಾಗೇ ಇದೆ. ನಾಳೆ ಮತ್ತೆ ಹೋಗುತ್ತೇನೆ.